ಜಗಳಕ್ಕೆ ಬಂದ ಸಾವಂತ್ರಕ್ಕ

ನಮ್ಮೂರಿನ ಗೋಡೆಗಳು ಮಾತು ಕೇಳಿದರೆ ನೀರು ಬಿಡುತ್ತವೆ. ಅದಕ್ಕೇ ಬಂದವರನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತೇವೆ. ಈ ಗೋಡೆಗಳು ಬಂದ ಮೇಲೆ ಹೆಂಗಸರು ಹಳ್ಳದಿಂದ ನೀರು ಹೊರುವುದು ನಿಂತಿತು. ಮನೆಮನೆಯಲ್ಲೂ ನೂಲಿಗೆ ಬಣ್ಣ ಹಾಕುವ ಕೆಲಸ ಶುರುವಾಯಿತು.

ನನ್ನ ಗಂಡ ಪಂಪಾಪತಿ ತೀರಿಕೊಂಡ ಮೇಲೆ ಬಂದವರೆಲ್ಲ ಮರುಕದಿಂದ ಸುಮ್ಮನೆ ಕೂತು ಎದ್ದುಹೋದರು. ನನಗೂ ಮಾತು ಬೇಕಿರಲಿಲ್ಲ. ಗೋಡೆ ಒಣಗಿತು. ಇವತ್ತು ಸಂಜೆಯೊಳಗೆ ಬಣ್ಣ ಹಾಕದಿದ್ದರೆ ನೇಕಾರರು ನೂಲು ವಾಪಸ್ ಒಯ್ಯುತ್ತಾರೆ. ನನಗಿರುವ ದುಡಿಮೆ ಅದೊಂದೇ.

ಮಧ್ಯಾಹ್ನ ಪಕ್ಕದ ಮನೆಯ ಸಾವಂತ್ರಕ್ಕ ಬಂದಳು. ಗೋಡೆ ಮುಟ್ಟಿ ನೋಡಿ, ಅದರ ಬುಡಕ್ಕೆ ಕೊಡ ತಂದಿಟ್ಟಳು.

"ನಿನ್ನ ಗಂಡ ಮಹಾ ಸೋಮಾರಿ ಇದ್ದ ಬಿಡವಾ," ಅಂದಳು.

ನಾನು ತಲೆ ಎತ್ತಿದೆ. "ಯಾರು ಸೋಮಾರಿ?"

"ಅವನಽ. ನೂಲು ಹಿಂಡಾಕೂ ಬರ್ತಿರಲಿಲ್ಲ."

"ಏನ್ ಮಾತಾಡ್ತೀ ಯಕ್ಕಾ? ನಿನ್ನ ಮಗಳ ಮದುವಿ ಸೀರಿ ನೂಲು ಹಿಂಡಿದವರು ಯಾರು? ಜ್ವರದಾಗೂ ಬಿಡಲಿಲ್ಲ ಅವರು!"

"ಹಿಂಡಿದ್ದು ಖರೆ. ಬಣ್ಣ ಸರಿ ಕುಂತಿರಲಿಲ್ಲ."

"ಕುಂತಿತ್ತು! ಮನಿಗೆ ಹೋಗಿ ಸೀರಿ ತಗದು ನೋಡು!"

ಆಮೇಲೆ ನಾನು ನಿಲ್ಲಿಸಲಿಲ್ಲ. ಅವರು ಹಾಡುತ್ತ ನೂಲು ಹಿಂಡುತ್ತಿದ್ದುದು, ಊಟಕ್ಕೆ ಕರೆದರೆ ನೀಲಿ ಕೈಯಲ್ಲೇ ಬರುತ್ತಿದ್ದುದು, ಎಲ್ಲ ಹೇಳಿದೆ. ಅಳು ಬಂತು, ಅಳುತ್ತಲೇ ಜಗಳವಾಡಿದೆ. ಗೋಡೆಯಿಂದ ನೀರು ಇಳಿಯತೊಡಗಿತು.

ಸಾವಂತ್ರಕ್ಕ ತುಂಬಿದ ಕೊಡ ಸರಿಸಿ ಇನ್ನೊಂದು ಇಟ್ಟಳು.

"ಅಡಿಗಿನೂ ಕೆಟ್ಟದಾಗಿ ಮಾಡ್ತಿದ್ನಂತ?"

ನಾನು ನೂಲನ್ನು ನೀರಿಗೆ ಇಳಿಸಿದೆ.

"ಅದು ಮಾತ್ರ ಖರೆ ಯಕ್ಕಾ," ಅಂದೆ. "ಬಾಯಾಗ ಇಡಾಕ ಆಗ್ತಿರಲಿಲ್ಲ."