ಪ್ರತಿ ಬಸ್ಸಿನ ಬಾಲಕ್ಕೊಂದು ಮಾತು

"ಆ ಹೊಸ ಆವೃತ್ತಿ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತಮ್ಮ? ಆಗಿನಿಂದ ಬಂದಿದೆ, ಬಂದಿದೆ ಅಂತೀರಿ. ಬಂದದ್ದನ್ನ ಕಂಡವರಿಲ್ಲ."

ಅದು ಬಸ್ಸೇ ಅಲ್ಲವೆಂದು ಕಿಟಕಿಯಾಚೆಯ ಮುದುಕರಿಗೆ ತಿಳಿಸಿ ಹೇಳುವಷ್ಟರಲ್ಲಿ ನಿಲ್ದಾಣದ ಅನೌನ್ಸರ್ ಅಕ್ಕನಿಗೆ ಸಾಕುಬೇಕಾಯಿತು. ಬೆಳಗಿನಿಂದ ಹೀಗೆ ಕೇಳಿದವರಲ್ಲಿ ಇವರು ಎಷ್ಟನೆಯವರೋ. ಅವಳು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಬಸ್ಸಿನ ನಂಬರು ಟೈಪ್ ಮಾಡಿದರೆ ಸಾಕು, ಅವಳ ತಮ್ಮ ಬರೆದುಕೊಟ್ಟ ಪ್ರೋಗ್ರಾಂ ಅದನ್ನು ವಾಕ್ಯ ಮಾಡಿ ಸ್ಪೀಕರಿಗೆ ಕಳಿಸುತ್ತಿತ್ತು, ಸ್ಪೀಕರು ಓದುತ್ತಿತ್ತು. ಈಗ ಪ್ರತಿ ಬಸ್ಸಿನ ಬಾಲಕ್ಕೂ ಇನ್ನೊಂದು ಮಾತು ಅಂಟಿಕೊಂಡಿತ್ತು: ಹೊಸ ಆವೃತ್ತಿ ಬಂದಿದೆ, ದಯವಿಟ್ಟು ಹಾಕಿಕೊಳ್ಳಿ.

ಸಂಜೆಯೊಳಗೆ ಅದರ ಬಾಯಿ ಮುಚ್ಚಿಸದಿದ್ದರೆ ಮೊದಲಿನ ಹಾಗೆ ಮೈಕು ಹಿಡಿದು ನೀವೇ ಕೂಗಿ ಎಂದು ಮ್ಯಾನೇಜರು ಹೇಳಿ ಹೋಗಿದ್ದರು. ಅಕ್ಕನ ಗಂಟಲಿಗೆ ಆಪರೇಷನ್ ಆಗಿತ್ತು. ಇನ್ನು ಕೂಗಿದರೆ ಇರುವ ದನಿಯೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ತಮ್ಮನನ್ನು ಕರೆಸದೆ ಬೇರೆ ದಾರಿಯಿರಲಿಲ್ಲ.

ಅವನು ಬಂದವನೇ ಉಲ್ಟಾ ಅವಳ ಮೇಲೆ ಹರಿಹಾಯ್ದ. ಈ ಪ್ರೋಗ್ರಾಮನ್ನು ಇನ್ನೂ ಎಷ್ಟೋ ನಿಲ್ದಾಣದವರು ಇಟ್ಟುಕೊಂಡಿದ್ದಾರಂತೆ. ಅವನು ಎಂದೋ ಸರಿಮಾಡಿ ಮರೆತ ತಪ್ಪಿಗೆ ಇವತ್ತಿಗೂ ಫೋನ್ ಮಾಡಿ ಬೈತಾರಂತೆ. ಹೊಸದು ಹಾಕಿಕೊಳ್ಳಿ ಎಂದರೆ ಮಾತ್ರ ಎಲ್ಲರಿಗೂ ಕಿವುಡಂತೆ. ಅದಕ್ಕೇ ಈ ಸೂಚನೆ.

"ಬಂದ ದಿನವೇ ಹಾಕ್ಕೊಂಡಿದ್ರೆ ಅದು ಬಾಯೇ ತೆರೀತಿರಲಿಲ್ಲ."

"ಹೋದ ಸಲ ಹಾಕ್ಕೊಂಡೆನಲ್ಲ ಮಹಾರಾಯ, ಎರಡನೇ ಪ್ಲಾಟ್‌ಫಾರಂಗೆ ಬರೋ ಬಸ್ಸನ್ನ ಐದಕ್ಕೆ ಕರೀತು. ಜನ ಮಕ್ಕಳುಮರಿ ಎತ್ಕೊಂಡು ಓಡಿದ್ರು. ನೀನು ವಾರಕ್ಕೊಂದು ಹಡೀತೀಯ, ನಾನು ಎಷ್ಟಕ್ಕೆ ಅಂತ ಬಾಣಂತನ ಮಾಡ್ಲಿ?"

ತಮ್ಮ ಕುರ್ಚಿ ಎಳೆದುಕೊಂಡ. ಎಡವಟ್ಟು ಎಲ್ಲಾಗಿದೆ ಎಂದು ಅವನಿಗೂ ಹೊಳೆದಿತ್ತು. ಬಸ್ಸಿನ ಮಾತು ಹೋಗುವ ದಾರಿಯಲ್ಲೇ ಸೂಚನೆಯನ್ನೂ ಬಿಟ್ಟಿದ್ದ. ಊರಿಗೆ ಹೇಳುವುದು ಯಾವುದು, ಅಕ್ಕನಿಗೆ ಹೇಳುವುದು ಯಾವುದು, ಪಾಪದ ಸ್ಪೀಕರಿಗೇನು ಗೊತ್ತು. ಕೂತಲ್ಲೇ ಎರಡನ್ನೂ ಬೇರೆ ಮಾಡಿದ: ಬಸ್ಸಿನ ಮಾತು ಸ್ಪೀಕರಿಗೆ, ಸೂಚನೆ ಪರದೆಯ ಕೊನೆಯ ಸಾಲಿಗೆ. ಅದಕ್ಕೂ ಹೊಸದನ್ನೇ ಹಾಕಿಕೊಳ್ಳಬೇಕು ಎಂದಾಗ ಅಕ್ಕ ಹಲ್ಲು ಕಚ್ಚಿಕೊಂಡು ಒಪ್ಪಿದಳು. ಮುಂದಿನ ಬಸ್ಸು ಬಂತು. ಸ್ಪೀಕರು ಊರು, ಪ್ಲಾಟ್‌ಫಾರಂ ಎರಡನ್ನೂ ಸರಿಯಾಗಿ ಹೇಳಿ ಅಲ್ಲಿಗೇ ಸುಮ್ಮನಾಯಿತು. ಬಾಗಿಲವರೆಗೆ ಮೈಕು ತಂದಿದ್ದ ಮ್ಯಾನೇಜರು ಅದನ್ನು ಹಾಗೇ ವಾಪಸ್ ತೆಗೆದುಕೊಂಡು ಹೋದರು.

"ಇನ್ಮೇಲೆ ಅದು ನಿನಗೊಬ್ಬಳಿಗೇ ಹೇಳೋದು," ಎಂದ ತಮ್ಮ, ಬ್ಯಾಗು ಹೆಗಲಿಗೇರಿಸುತ್ತಾ. "ಕಂಡ ಕೂಡಲೇ ಹಾಕ್ಕೋಬೇಕು."

"ಆಯ್ತು, ಹೋಗು."

ಅವನು ಹೊರಗೆ ಬೆಂಚಿನ ಮೇಲೆ ತನ್ನ ಬಸ್ಸಿಗೆ ಕಾಯುತ್ತಾ ಕೂತವನು, ಸುಮ್ಮನಿರಲಾರದೆ ಲ್ಯಾಪ್‌ಟಾಪು ಬಿಚ್ಚಿ ಇನ್ನೇನೋ ತಿದ್ದಿದ. ಅಕ್ಕನ ಪರದೆಯ ಕೊನೆಯ ಸಾಲಿನಲ್ಲಿ, ಸದ್ದಿಲ್ಲದೆ, ಹೊಸ ಆವೃತ್ತಿ ಬಂದಿದೆ ಎಂದು ಮೂಡಿತು. ಅವಳು ಡ್ರಾಯರಿನಿಂದ ಪಾರ್ಸೆಲ್ ಕಟ್ಟುವ ಕಂದು ಟೇಪು ತೆಗೆದು, ಹಲ್ಲಿನಲ್ಲಿ ಹರಿದು, ಆ ಸಾಲಿನ ಉದ್ದಕ್ಕೂ ನೀಟಾಗಿ ಅಂಟಿಸಿದಳು.