ಒಳ್ಳೆಯದುಂಟು

ಆಟಿ ತಿಂಗಳು ಮುಗಿದು ಸೋಣ ತಿಂಗಳು ಹುಟ್ಟಿದ ದಿನ, ತವರಿನಲ್ಲಿದ್ದ ಹೊಸ ಹೆಂಡತಿಯನ್ನು ಕರೆದೊಯ್ಯಲು ಕಾರ್ಕಳದಿಂದ ಅಲೆವೂರಿಗೆ ಬಂದ ಯಶ್ವಂತ, ಜಗಲಿಯಲ್ಲಿ ಕೂತ ಸ್ವಲ್ಪ ಹೊತ್ತಿನಲ್ಲೇ ಮೂರು ಸಲ 'ಒಳ್ಳೆಯದುಂಟು' ಎಂದ. ಮೊದಲನೆಯದು ದಾರಿಗೆ, ಎರಡನೆಯದು ಅತ್ತೆ ಮೋಹಿನಿ ಬಡಿಸಿದ ಪತ್ರೊಡೆಗೆ, ಮೂರನೆಯದು ತಾನು ಕೂತಿದ್ದ ಹೊಸ ಕುರ್ಚಿಗೆ. ಬಾಗಿಲಿಗೆ ಒರಗಿ ನಿಂತಿದ್ದ ಅಕ್ಷಿತಾ ಮೂರನ್ನೂ ಕೇಳಿಸಿಕೊಂಡಳು. ಮದುವೆಯಾದ ಮೊದಲ ಆಟಿಯಲ್ಲಿ ಹೆಣ್ಣು ತವರಿಗೆ ಬರಬೇಕು, ಸೋಣ ಬಂದ ಕೂಡಲೇ ಗಂಡನ ಹಿಂದೆ ಹೊರಡಬೇಕು, ಅದು ಪದ್ಧತಿ. ಒಳಗೆ ಮಂಚದ ಮೇಲೆ ಅವಳ ಚೀಲ ಮಾತ್ರ ಖಾಲಿ ಬಿದ್ದಿತ್ತು. ಬರುವುದಿಲ್ಲ ಎಂದು ಇವತ್ತು ಹೇಳಿಬಿಡುವವಳಿದ್ದಳು. ಈ ಸಂಗತಿ ಶಿರ್ವದ ಗೆಳತಿ ವನೆಸ್ಸಾಳಿಗೆ ಬಿಟ್ಟರೆ ಅಮ್ಮನಿಗೂ ಗೊತ್ತಿರಲಿಲ್ಲ.

ತಿಂಗಳಿಡೀ ಅವಳೂ ವನೆಸ್ಸಾಳೂ ಮಾಡಿದ್ದು ಒಂದೇ ಕೆಲಸ. ಮಣಿಪಾಲದಲ್ಲಿ ಎಂ.ಎ. ಓದುವಾಗ ತಲೆಯ ಮೇಲೆ ಹೊತ್ತು ಮೆರೆಸಿದ್ದ ಫ್ಯಾಂಟಸಿ ಕಾದಂಬರಿಗಳನ್ನು ಮತ್ತೆ ಓದುವುದು, ಫೋನಿನಲ್ಲಿ ಒಬ್ಬರಿಗೊಬ್ಬರು ದನಿ-ಸಂದೇಶ ಕಳಿಸುತ್ತ ಒಂದೊಂದನ್ನೇ ನೆಲಕ್ಕಿಳಿಸುವುದು. "ಈ ಡ್ರ್ಯಾಗನ್ನಿಗಿಂತ ಬರೆದವನೇ ಹೆಚ್ಚು ಹೊಗೆ ಬಿಡ್ತಾನೆ ಮಾರಾಯ್ತಿ" ಎಂದು ವನೆಸ್ಸಾ ನಗುವಳು. ಹೊಸದಾಗಿ ಬಂದ ಕಾದಂಬರಿಗಳ ಗತಿಯೂ ಅದೇ: "ನಕ್ಷೆಗೆ ನಾಲ್ಕು ಪುಟ, ವಂಶಾವಳಿಗೆ ಆರು ಪುಟ, ಬುದ್ಧಿಗೆ ಜಾಗವೇ ಇಲ್ಲ." ಇವತ್ತು ಬೆಳಿಗ್ಗೆ ಅಕ್ಷಿತಾ ತನಗೆ ಪ್ರಾಣವಾಗಿದ್ದ ಮೂರು ಭಾಗದ ಕಾದಂಬರಿಗೂ ತೀರ್ಪು ಕೊಟ್ಟಿದ್ದಳು. "ಬಚ್ಚಲಿನ ಒಲೆಗೆ ಹಾಕಬೇಕು. ಹಂಡೆಯ ನೀರು ಬಿಸಿಯಾಗುವುದೂ ಸಂಶಯವೇ."

ಅದರ ಮೊದಲ ಭಾಗವನ್ನು ಅವಳು ನಿಶ್ಚಿತಾರ್ಥದ ಮರುವಾರ ಯಶ್ವಂತನಿಗೆ ಓದಲು ಕೊಟ್ಟಿದ್ದಳು. ತನ್ನ ಬಗ್ಗೆ ಹೇಳಿಕೊಳ್ಳಲು ಬಾರದವಳು, ಅದನ್ನು ಕೊಟ್ಟರೆ ಎಲ್ಲ ಹೇಳಿದ ಹಾಗೆ ಎಂದುಕೊಂಡಿದ್ದಳು. ಪುಸ್ತಕ ವಾಪಸು ಬಂತು, ಜೊತೆಗೆ 'ಒಳ್ಳೆಯದುಂಟು' ಎಂಬ ಒಂದೇ ಮಾತು. ಮೌನ ಇದ್ದಲ್ಲಿ ಆಳ ಇರುತ್ತದೆ ಎಂದು ನಂಬಿದವಳು ಅವಳು. ಮದುವೆಯಾಗಿ ಎರಡು ತಿಂಗಳು ಕಾರ್ಕಳದ ಮನೆಯಲ್ಲಿ ಆ ಮೌನದ ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟಿದ್ದಳು. ನೀರಿನ ಸದ್ದು ಕೇಳಿರಲಿಲ್ಲ. ಈ ಮನುಷ್ಯ ಪುಸ್ತಕ ತೆರೆದೇ ನೋಡಿಲ್ಲ ಎಂದು ತೀರ್ಮಾನಿಸಿಕೊಂಡಿದ್ದಳು.

ಮೋಹಿನಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅಕ್ಷಿತಾ ಒಳಗಿನಿಂದ ನೀಲಿ ರಟ್ಟಿನ ಆ ಮೊದಲ ಭಾಗವನ್ನು ತಂದು ಅವನ ಮುಂದೆ ಸ್ಟೂಲಿನ ಮೇಲಿಟ್ಟಳು. ಬರುವುದಿಲ್ಲ ಎನ್ನುವ ಮೊದಲು ಕಾರಣವೊಂದು ಕೈಯಲ್ಲಿರಲಿ ಎಂದು.

"ಇದನ್ನು ನೀವು ಓದಿದ್ದೀರಾ?"

"ಹ್ಞೂಂ."

"ಹೇಗುಂಟು?"

"ಒಳ್ಳೆಯ..."

"ಆ ಮಾತು ಬೇಡ. ಪತ್ರೊಡೆಗೂ ಅದೇ, ಕುರ್ಚಿಗೂ ಅದೇ. ಓದಲಿಲ್ಲ ಅಂತಾದರೆ ಓದಲಿಲ್ಲ ಅಂತ ಹೇಳಿ. ಅಲ್ಲಿಗೆ ಮುಗಿಯಿತು."

ಯಶ್ವಂತ ಪುಸ್ತಕವನ್ನು ಕೈಗೆತ್ತಿಕೊಂಡ. "ಸತ್ಯ ಹೇಳಲಾ?"

"ಹೇಳಿ."

"ಶುದ್ಧ ಬೊಗಳೆ."

"ಎಂತ?"

"ಎರಡು ಸಲ ಓದಿದೆ. ಮೊದಲನೇ ಸಲ, ನನಗೇ ಅರ್ಥ ಆಗಲಿಲ್ಲವೋ ಅಂತ ಅನುಮಾನ. ಎರಡನೇ ಸಲ ಗ್ಯಾರಂಟಿ ಆಯ್ತು. ನಿನಗೆ ಇದು ಪ್ರಾಣ ಅಂತ ಹೇಳಿದ್ದಿ. ಮದುವೆಗೆ ಮೊದಲೇ ಹೇಗೆ ಹೇಳುವುದು ಇದನ್ನು?" ಬಾಯಿ ಬಿಟ್ಟ ಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. "ಆ ರಾಜಕುಮಾರ ಉಂಟಲ್ಲ, ಎಲ್ಲರ ಮನಸ್ಸು ಓದುವವ. ಕೋಟೆಯೊಳಗೆ ಅಷ್ಟು ಜನ ಇದ್ದಾರೆ. ಒಬ್ಬರಿಗಾದರೂ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳ್ತಾನಾ? ಕೇಳದೆಯೇ ಎಲ್ಲ ಗೊತ್ತು ಅವನಿಗೆ. ದೊಡ್ಡ ಜನ!"

ಅಕ್ಷಿತಾಳ ಮುಖ ಬಿಸಿಯಾಯಿತು. ತಿಂಗಳಿಡೀ ಕೂತು ಬೈದರೂ ಈ ಒಂದು ಬೈಗುಳ ಅವಳಿಗೂ ಹೊಳೆದಿರಲಿಲ್ಲ, ವನೆಸ್ಸಾಳಿಗೂ ಹೊಳೆದಿರಲಿಲ್ಲ.

"ಅದು ಅವನಿಗಿರುವ ಶಾಪ" ಎಂದಳು. ದನಿ ತಾನಾಗಿ ಏರಿತ್ತು. "ಅದರಿಂದಲೇ ಅಲ್ವಾ ಎರಡನೆಯ ಭಾಗದಲ್ಲಿ ಅವನು ಎಲ್ಲರನ್ನೂ ಕಳಕೊಳ್ಳುವುದು? ಒಂದು ಭಾಗ ಓದಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ."

"ಎರಡನೆಯದು ಕೊಟ್ಟದ್ದು ಯಾರು?"

"ನೀವು ಕೇಳಿದ್ದು ಯಾವಾಗ?"

ಒಗ್ಗರಣೆ ಸೌಟು ಹಿಡಿದುಕೊಂಡೇ ಮೋಹಿನಿ ಓಡಿಬಂದರು. "ಎಂತ ಇದು, ಹೊರಡುವ ಹೊತ್ತಿಗೆ ಜಗಳ? ಯಾರದು ರಾಜಕುಮಾರ?"

ಅಕ್ಷಿತಾ ಧಡಧಡ ಒಳಗೆ ನಡೆದಳು. ಮಂಚದ ಮೇಲೆ ಫೋನು ಬೆಳಗುತ್ತಿತ್ತು. 'ಹೇಳಿದ್ಯಾ?' ಎಂದು ವನೆಸ್ಸಾ ಕೇಳಿದ್ದಳು. ಅದನ್ನು ಬೋರಲು ಹಾಕಿ, ಎರಡನೆಯ ಭಾಗವನ್ನೂ ಮೂರನೆಯದನ್ನೂ ಖಾಲಿ ಚೀಲದ ತಳಕ್ಕೆ ತುರುಕಿದಳು.

ಜಗಲಿಯಲ್ಲಿ ಯಶ್ವಂತ ಇನ್ನೂ ನಿಲ್ಲಿಸಿರಲಿಲ್ಲ. "ಮತ್ತೆ ಆ ಡ್ರ್ಯಾಗನ್ ಒಂದುಂಟಲ್ಲ ಅತ್ತೆ..."

"ಡ್ರ್ಯಾಗನ್ನಿನ ಸುದ್ದಿಗೆ ಬರಬೇಡಿ!" ಎಂದು ಒಳಗಿನಿಂದಲೇ ಕೂಗಿದಳು ಅಕ್ಷಿತಾ, ಬೆಳಿಗ್ಗೆ ತಾನೇ ಒಲೆಗೆ ಹಾಕಬೇಕೆಂದಿದ್ದ ಪುಸ್ತಕಗಳು ಮುದುಡದಂತೆ ಅವುಗಳ ಮೇಲೆ ಒಂದೊಂದೇ ಚೂಡಿದಾರ ಮಡಿಚಿಡುತ್ತ.