ಕಿಟಕಿ ಕೆಳಗಿನ ಹಗ್ಗ

"ಏ ಹಾಳಾದೋಳೇ! ಕಣ್ಣು ಕಾಣಲ್ವಾ ನಿಂಗೆ? ಮತ್ತೆ ನನ್ನ ಬಟ್ಟೆ ಮೇಲೇ ಸುರಿದ್ಯಲ್ಲೇ!"

ಟೈಲರ್ ಹೆಂಗಸು ನೀರು ತೊಟ್ಟಿಕ್ಕುವ ಹೊದಿಕೆಯನ್ನು ಎತ್ತಿ ಹಿಡಿದು ಅಂಗಳದಿಂದ ಕೂಗಿದಳು. ಮೇಲಿನ ಮನೆಯ ಕಿಟಕಿ ದಡಾರನೆ ತೆರೆಯಿತು. ಅಲ್ಲಿ ಬಾಡಿಗೆಗಿದ್ದ ಆಯಾ ತಲೆ ಹೊರಗೆ ಹಾಕಿದಳು.

"ನನ್ನ ಕಿಟಕಿ ಕೆಳಗೇ ಒಣಗಿಹಾಕು ಅಂತ ಹೇಳ್ದೋರ್ಯಾರು? ಗಿಡಕ್ಕೆ ನೀರು ಹಾಕ್ಬಾರ್ದಾ ನಾನು?"

"ಗಿಡಾನಂತೆ ಗಿಡ! ದಿನಾ ನಿನ್ನ ಮುಖ ನೋಡಿ ಅದೂ ಒಣಗಿಹೋಗಿದೆ!"

ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಂಡರು. ಸಂಜೆಯ ಈ ಕಾಳಗ ಅವರಿಗೆ ಹೊಸದಲ್ಲ.

ಟೈಲರ್ ಒಬ್ಬಳೇ ಈ ಪರದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ಬಟ್ಟೆ ಸರಿಪಡಿಸುವ ಅಂಗಡಿಯಲ್ಲಿ ಕೆಲಸ. ಅಲ್ಲಿ ಅವಳಿಗಿಟ್ಟ ಅಡ್ಡಹೆಸರು 'ಮೂಗಿ'. ಮಾಲೀಕ ಗದರಿದರೂ ನಗು, ಗಿರಾಕಿ ರೇಗಿದರೂ ನಗು. ಊಟದ ಮೇಜಿನ ಸುತ್ತ ಹರಟೆ ಹೊಡೆಯುವವರೆಲ್ಲ ನಕ್ಕ ಮೇಲೆ ಇವಳೂ ನಗುತ್ತಿದ್ದಳು. ಅಂಗಡಿಯಲ್ಲಿ ಬೆಕ್ಕು, ಮನೆಗೆ ಬಂದರೆ ಹುಲಿ. ದಿನವಿಡೀ ಕೂಡಿಟ್ಟ ವಿಷವೆಲ್ಲ ಆಯಾಳ ಪಾಲಿಗೆ.

ಅಂಗಳದ ಆಚೆ ಬದಿಯಲ್ಲಿ ಚೆನ್ನಾಗಿ ಬಿಸಿಲು ಬೀಳುವ ಇನ್ನೊಂದು ಹಗ್ಗ ಖಾಲಿಯೇ ಇತ್ತು. ಕೆಳಮನೆಯ ಅಜ್ಜಿ ಒಮ್ಮೆ ಇವಳ ಕೈಹಿಡಿದು ಕರೆದೊಯ್ದು ಅದನ್ನು ತೋರಿಸಿಯೂ ಇದ್ದಳು. ಇವಳು ಅಲ್ಲಿ ಒಂದು ಕರವಸ್ತ್ರವನ್ನೂ ಹಾಕಲಿಲ್ಲ. ಕಾಲು ಕೆರೆದು ಜಗಳಕ್ಕೆ ಹೋಗುವವರಿಗೆ ಬಿಸಿಲು ಯಾಕೆ ಬೇಕು?

ಆಯಾ ಬಂದದ್ದು ಹೋದ ವರ್ಷ, ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳಲು. ಬಂದ ವಾರದಿಂದಲೇ ಇಬ್ಬರದೂ ಎಣ್ಣೆ ಸೀಗೆಕಾಯಿ. ಆಯಾ ಜ್ವರ ಬಂದು ಮಲಗಿದ್ದಾಗಲೂ ಇವಳು ಬಿಡಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದು, "ಇನ್ನೂ ಸತ್ತಿಲ್ವೇನೇ?" ಎಂದು ಕೇಳಿ ಬಂದಿದ್ದಳು.

ಕೊನೆಗೆ ಉಳಿದ ಬಾಡಿಗೆದಾರರು ದೂರು ಕೊಟ್ಟರು. ಕಟ್ಟಡದ ಮ್ಯಾನೇಜರ್ ಬಂದು ಇಬ್ಬರನ್ನೂ ಮೆಟ್ಟಿಲ ಬಳಿ ನಿಲ್ಲಿಸಿದ. ಮಕ್ಕಳಿಗೆ ಹೇಳುವಂತೆ ನಿಧಾನವಾಗಿ, ಕೈಸನ್ನೆ ಮಾಡುತ್ತ, ಹೇಳಿದ್ದನ್ನೇ ಎರಡೆರಡು ಸಲ ಹೇಳಿದ. ತೊಂದರೆ ಆಗಿರುವುದು ಟೈಲರ್‌ಗೆ. ಅವಳೊಂದು ಸಹಿ ಹಾಕಿದರೆ ಸಾಕು, ತಿಂಗಳ ಕೊನೆಗೆ ಆಯಾ ಜಾಗ ಖಾಲಿ ಮಾಡಬೇಕು. ಬಾಲ್ಕನಿ ಇರುವ ಮೇಲಿನ ಮನೆ ಇವಳಿಗೆ, ಅದೂ ಈಗಿನ ಬಾಡಿಗೆಗೇ.

ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು.

ಆಯಾಳ ಮುಖದಲ್ಲಿ ಸಿಟ್ಟು ಇಳಿದು ಹೆದರಿಕೆ ಕಾಣಿಸಿತು. ಈ ಊರಲ್ಲಿ ಅವಳಂಥವಳಿಗೆ ಇನ್ನೊಂದು ಮನೆ ಕೊಡುವವರು ಯಾರು?

"ಹಾಕು, ಹಾಕು. ಇದಕ್ಕೇ ತಾನೇ ಕಾಯ್ತಿದ್ದೆ? ನನ್ನನ್ನ ಬೀದಿಗೆ ತಳ್ಳಿ ಹೊಟ್ಟೆ ತಣ್ಣಗೆ ಮಾಡ್ಕೋ."

ಟೈಲರ್ ಪೆನ್ನು ತೆಗೆದುಕೊಂಡಳು. ಅವಳಿಗೆ ಆಯಾಳನ್ನು ಕಂಡರೆ ನಿಜವಾಗಿಯೂ ಆಗುತ್ತಿರಲಿಲ್ಲ. ಆ ಸೊಟ್ಟ ಮೂತಿ, ನೆತ್ತಿಯ ಮೇಲೆ ಧಡಧಡ ನಡೆಯುವ ಆ ಕಾಲು, ಕತ್ತರಿಯಂಥ ನಾಲಿಗೆ, ಎಲ್ಲವೂ ಅಸಹ್ಯ. ಒಂದು ಸಹಿ ಬಿದ್ದರೆ ನಾಳೆಯಿಂದ ಬಟ್ಟೆ ಒದ್ದೆಯಾಗದು. ಸಂಜೆಗಳು ನಿಶ್ಶಬ್ದವಾಗುತ್ತವೆ.

ಅವಳು ಪೆನ್ನನ್ನು ಮ್ಯಾನೇಜರನ ಕೈಗೆ ತುರುಕಿದಳು. ಅವನು ಮತ್ತೊಮ್ಮೆ ಕೇಳಿದ. ಇವಳು ಬೇಡವೆಂದು ಜೋರಾಗಿ ತಲೆಯಲ್ಲಾಡಿಸಿದಳು. ಅವನು ಗೊಣಗುತ್ತ ಮೆಟ್ಟಿಲಿಳಿದು ಹೋದ.

ಆಯಾ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದಳು. "ಯಾಕೇ? ನನ್ಮೇಲೆ ಕನಿಕರ ಬಂತಾ?"

"ನಿನ್ಮೇಲಾ? ಥೂ! ನಾಳೆ ಕೆಲಸದಿಂದ ಬೇಗ ಬಾ. ಇವತ್ತು ಬೈದಿದ್ದು ಅರ್ಧಕ್ಕೇ ನಿಂತಿದೆ."

ಆ ಇಡೀ ಊರಿನಲ್ಲಿ ಅವಳಿಗೆ ಕನ್ನಡದಲ್ಲಿ ಉತ್ತರ ಕೊಡುವವರು ಇನ್ನೊಬ್ಬರಿರಲಿಲ್ಲ.